ಬೇಡ ಅಂದ ಬಾಯಿ, ಎಲೆಯ ಮೇಲಿನ ಕೈ

ಮಗು, ನೀನು ಮೊಬೈಲಿಗೆ ಕಳಿಸಿದ ವಿಡಿಯೋ ಪೂರ್ತಿ ನೋಡಿದೆ. ಕೈಕಟ್ಟಿದವರು ಮನಸ್ಸು ಮುಚ್ಚಿಕೊಂಡಿದ್ದಾರೆ, ಮೂಗು ಮುಟ್ಟಿಕೊಂಡವರು ಸುಳ್ಳು ಹೇಳುತ್ತಿದ್ದಾರೆ, ಕಣ್ಣು ತಪ್ಪಿಸಿದವರು ಏನೋ ಬಚ್ಚಿಡುತ್ತಿದ್ದಾರೆ ಅಂತ ಅದರಲ್ಲಿ ಮಾತಾಡುವಾತ ಬಹಳ ಖಚಿತವಾಗಿ ಹೇಳುತ್ತಾನೆ. ನೀನು ಶಿವಮೊಗ್ಗ ಬಿಟ್ಟು ಬೆಂಗಳೂರಿಗೆ ಹೊಸದಾಗಿ ಕೆಲಸಕ್ಕೆ ಬಂದಿದ್ದೀಯ. ಆಫೀಸಿನಲ್ಲಿ ಯಾರು ಏನಂದುಕೊಳ್ಳುತ್ತಾರೋ ಎನ್ನುವ ಅಳುಕು ಇದೆ. ನಮ್ಮ ಮನೆಯ ಸಮಾರಂಭಕ್ಕೆ ಬಂದರೂ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ಹಾಗಿರುವಾಗ ಇಂಥದ್ದನ್ನೆಲ್ಲ ಹುಡುಕಿ ನೋಡುವುದು ಸಹಜ. ಆದರೆ ಅದನ್ನು ನಂಬಿಕೊಂಡು ಜನರ ಮುಂದೆ ಹೋಗಬೇಡ. ಇನ್ನೊಬ್ಬರ ಕೈ, ಕಣ್ಣು, ಕೂತ ಭಂಗಿಯನ್ನು ಗಮನಿಸುವುದು ಅವರ ಗುಟ್ಟು ಹಿಡಿಯುವುದಕ್ಕಲ್ಲ. ಬಾಯಿಬಿಟ್ಟು ಹೇಳಿಕೊಳ್ಳಲು ಅವರಿಗೆ ಯಾವುದು ಕಷ್ಟವೋ ಅದನ್ನು ಹೇಳಿಸದೆಯೇ ತಿಳಿದುಕೊಳ್ಳುವುದಕ್ಕೆ. ದೊಡ್ಡಮ್ಮ ನಿನಗೆ ಹೇಳಬೇಕೆಂದಿರುವುದು ಇಷ್ಟೇ, ಮಿಕ್ಕಿದ್ದೆಲ್ಲ ಇದರ ವಿವರ.

ಕೈಕಟ್ಟುವುದನ್ನೇ ತಗೋ. ನಾನು ಚಾಮರಾಜಪೇಟೆಯಲ್ಲಿ ಮೇಷ್ಟರ ಕೆಲಸ ಮಾಡಿದವಳು. ಕನ್ನಡ ಶಾಲೆಯಲ್ಲಿ 'ಎಲ್ಲರೂ ಕೈಕಟ್ಟಿ ಕೂತ್ಕೊಳ್ಳಿ' ಅಂದರೆ ಗಲಾಟೆ ನಿಲ್ಲಿಸಿ, ಗಮನವಿಟ್ಟು ಕೇಳಿ ಅಂತ. ಹಿರಿಯರ ಮುಂದೆ ಕೈಕಟ್ಟಿ ನಿಂತರೆ ಅದು ವಿನಯ. ಇನ್ನು ವಿವೇಕಾನಂದರು 1893ರಲ್ಲಿ ಶಿಕಾಗೋದಲ್ಲಿ ತೆಗೆಸಿಕೊಂಡ ಆ ಪ್ರಸಿದ್ಧ ಚಿತ್ರವನ್ನು ನೋಡು, ಕೈಕಟ್ಟಿಯೇ ನಿಂತಿದ್ದಾರೆ. ಅದರಲ್ಲಿ ಅಂಜಿಕೆ ಕಂಡವರನ್ನು ನಾನು ನೋಡಿಲ್ಲ. ನಿಮ್ಮ ಆಫೀಸಿನಲ್ಲಾದರೆ ಎ.ಸಿ. ಜೋರಾಗಿದೆ, ಚಳಿ ಅಂತಲೂ ಇರಬಹುದು. ಆದ್ದರಿಂದ ಒಂದು ಭಂಗಿಯನ್ನು ಕಿತ್ತು ತಂದು ಇದಕ್ಕೆ ಇದೇ ಅರ್ಥ ಅಂತ ಪಟ್ಟಿ ಹಾಕಬೇಡ. ಗಮನಿಸಬೇಕಾದ್ದು ಬದಲಾವಣೆಯನ್ನು. ಇಷ್ಟೊತ್ತು ಕೈ ಬೀಸಿ ಬೀಸಿ ಮಾತಾಡುತ್ತಿದ್ದವರು ತಟ್ಟನೆ ಕೈಕಟ್ಟಿದರು ಅಂದರೆ, ಆ ಹೊತ್ತಿನಲ್ಲಿ ಅಲ್ಲಿ ಏನು ಮಾತು ಬಂತು ಅಂತ ನೆನಪು ಮಾಡಿಕೋ. ಮಗಳ ಮದುವೆಯ ವಿಷಯವೋ, ಮಗನ ಕೆಲಸದ ವಿಷಯವೋ ಬಂದಿರುತ್ತದೆ. ಕಾರಣ ಕೇಳಬೇಡ, ಮಾತು ಬೇರೆ ಕಡೆ ತಿರುಗಿಸು. ಅವರ ಕೈ ಮತ್ತೆ ಸಡಿಲವಾಗುವುದು ನಿನಗೇ ಕಾಣುತ್ತದೆ.

ಸುಳ್ಳು ಹಿಡಿಯುವ ವಿದ್ಯೆಯ ಬಗ್ಗೆಯೂ ಒಂದು ಮಾತು. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಆವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ 2006ರಲ್ಲಿ ಲೆಕ್ಕ ಕೊಟ್ಟರು. ಎದುರಿನವರು ಹೇಳುತ್ತಿರುವುದು ನಿಜವೋ ಸುಳ್ಳೋ ಅಂತ ಊಹಿಸಿದ 24 ಸಾವಿರಕ್ಕೂ ಹೆಚ್ಚು ಜನರ ತೀರ್ಪು ಅದರಲ್ಲಿತ್ತು. ಸರಿಯಾದದ್ದು ನೂರಕ್ಕೆ 54. ನಾಣ್ಯ ಚಿಮ್ಮಿ ಹೇಳಿದ್ದರೆ 50 ಸರಿಯಾಗುತ್ತಿತ್ತು. 'ಮಾತಿನಿಂದ ತಿಳಿಯುವುದು ಶೇಕಡಾ 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಮುಖದಿಂದ' ಅಂತ ನಿನ್ನ ವಿಡಿಯೋದಾತ ಹೇಳಿದನಲ್ಲ, ಅದು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಪುಟ್ಟ ಪ್ರಯೋಗಗಳಿಂದ ಬಂದದ್ದು. ಪದದಲ್ಲಿ ಒಂದು ಭಾವ, ದನಿಯಲ್ಲಿ ಇನ್ನೊಂದು ಭಾವ ಇದ್ದಾಗ ಕೇಳುವವರು ಯಾವುದನ್ನು ನಂಬುತ್ತಾರೆ ಅನ್ನುವುದಷ್ಟೇ ಅಲ್ಲಿನ ಪ್ರಶ್ನೆ. ಎಲ್ಲ ಮಾತುಕತೆಗೂ ಅದನ್ನು ಅನ್ವಯಿಸಬೇಡಿ ಅಂತ ಅವರೇ ಹೇಳಿದ್ದಾರೆ. ಮಾತಿಗೆ ಬೆಲೆ ಇದೆ ಮಗು. ಜನ ಹೇಳಿದ್ದನ್ನು ಮೊದಲು ಕಿವಿಗೊಟ್ಟು ಕೇಳು.

ಈಗ ನಮ್ಮ ಪಂಕ್ತಿಗೆ ಬಾ. ಈ ವಿದ್ಯೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬಸವನಗುಡಿ ಕಡೆಯ ಯಾವ ಛತ್ರದಲ್ಲಾದರೂ ಮದುವೆ ಊಟಕ್ಕೆ ಕೂತಾಗ ಬಡಿಸುವವರನ್ನು ಗಮನಿಸು. ಒಬ್ಬಟ್ಟು ತಂದಾಗ ಎಲ್ಲರ ಬಾಯಲ್ಲೂ 'ಬೇಡ' ಬರುತ್ತದೆ. ಆದರೆ ಎಲ್ಲ ಬೇಡವೂ ಒಂದೇ ಅಲ್ಲ. ಒಬ್ಬರು ಬೇಡ ಅನ್ನುತ್ತಾ ಬೆರಳು ಸ್ವಲ್ಪ ಆಡಿಸುತ್ತಾರೆ, ಎಲೆ ಮಾತ್ರ ತೆರೆದೇ ಇರುತ್ತದೆ. ಅವರಿಗೆ ಅರ್ಧ ಹಾಕಬಹುದು. ಇನ್ನೊಬ್ಬರು ಎರಡೂ ಅಂಗೈ ಅಗಲಿಸಿ ಎಲೆಯ ಮೇಲೆ ಹಿಡಿದು ಮುಂದಕ್ಕೆ ಬಾಗಿಬಿಡುತ್ತಾರೆ. ಅಲ್ಲಿ ಬಲವಂತ ಮಾಡಿದರೆ ಉಪಚಾರ ಹಿಂಸೆಯಾಗುತ್ತದೆ. ಮೂರನೆಯವರು ಬೇಡ ಅಂದು ತಲೆ ತಗ್ಗಿಸಿ, ಪಕ್ಕದಲ್ಲಿ ಕೂತ ಮಗಳ ಕಡೆಗೊಮ್ಮೆ ನೋಡುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇರಬಹುದು, ಆಸೆಯೂ ಇರಬಹುದು. 'ತಗೊಳ್ಳಿ, ಏನೂ ಆಗಲ್ಲ' ಅಂತ ಹತ್ತು ಜನರ ಮುಂದೆ ಹೇಳಿ ಅವರಿಂದ ಕಾಯಿಲೆಯ ಸುದ್ದಿ ಬಾಯಿಬಿಡಿಸಬಾರದು. ಒಳ್ಳೆಯ ಬಡಿಸುವವನು ಒಂದು ಕ್ಷಣ ನಿಂತು ಮುಂದಕ್ಕೆ ಹೋಗಿಬಿಡುತ್ತಾನೆ. ಹುಳಿ ಮುಗಿದು ಅನ್ನ ಉಳಿದವರು ಕರೆಯುವುದಿಲ್ಲ. ಸಾಲಿನ ಕೊನೆಯ ಕಡೆಗೆ ಕತ್ತು ಹೊರಳಿಸುತ್ತಾರೆ, ಬೆರಳುಗಳು ಒಣ ಅನ್ನವನ್ನು ಸುಮ್ಮನೆ ಕೆದಕುತ್ತಿರುತ್ತವೆ. ಹೊಸ ನೆಂಟರು, ಹೊಸ ಸೊಸೆಯ ಕಡೆಯವರು ಹೀಗೆ ಕಾಯುತ್ತಾ ಕೂತಿರುವುದು ಹೆಚ್ಚು. ಅಂಥವರಿಗೆ ಹುಳಿ ತಲುಪಿಸುವುದು ಬಡಿಸುವವನ ಕೆಲಸ ಮಾತ್ರವಲ್ಲ, ಪಕ್ಕದಲ್ಲಿ ಕೂತ ನಿನ್ನ ಕೆಲಸವೂ ಹೌದು. 'ಇಲ್ಲಿ ಸ್ವಲ್ಪ ಹುಳಿ' ಅಂತ ನೀನು ಕರೆದು, ಬಂದಾಗ ಅವರ ಎಲೆ ತೋರಿಸಿದರೆ ಸಾಕು.

ಪಂಕ್ತಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ಮಜ್ಜಿಗೆ ಬಂದು ಹೋದ ಮೇಲೆ ಹಿರಿಯರು ಏಳುವ ತನಕ ಯಾರೂ ಏಳುವುದಿಲ್ಲ, ಅವರು ಎದ್ದರೆ ಎಲ್ಲರೂ ಏಳಬೇಕು. ಹಲ್ಲಿಲ್ಲದವರು, ನಿಧಾನಕ್ಕೆ ಉಣ್ಣುವವರು ಆಗ ಗಡಿಬಿಡಿಯಲ್ಲಿ ಎಲೆ ಬಿಟ್ಟು ಏಳುವ ಹಾಗಾಗುತ್ತದೆ. ನಮ್ಮ ಹಿರಿಯರಲ್ಲಿ ಕೆಲವರು ಸಾಲಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ, ಇನ್ನೂ ಉಣ್ಣುತ್ತಿರುವವರನ್ನು ನೋಡಿಕೊಂಡು, ತಮ್ಮ ಎಲೆಯ ಕೊನೆಯ ಎರಡು ತುತ್ತು ಮೊಸರನ್ನವನ್ನು ಕಲೆಸುತ್ತಲೇ ಕೂತಿರುತ್ತಿದ್ದರು. ಊಟ ಅವರಿಗೆ ಯಾವಾಗಲೋ ಮುಗಿದಿರುತ್ತಿತ್ತು. ಸಾಲಿನಲ್ಲಿ ಇನ್ನೂ ಉಣ್ಣುತ್ತಿದ್ದ ಮುದುಕಿ ಕೊನೆಯ ತುತ್ತು ನುಂಗಿದ ಮೇಲೆ ಇವರೂ ಎಲೆ ಮಡಿಸುತ್ತಿದ್ದರು. ಯಾರಿಗೂ 'ನಿಮಗೋಸ್ಕರ ಕಾದೆ' ಅನ್ನುತ್ತಿರಲಿಲ್ಲ. ಇನ್ನೊಬ್ಬರನ್ನು ನೋಡಿ ತಿಳಿದುಕೊಂಡು, ತನ್ನ ಮೈಯಿಂದಲೇ ಉತ್ತರ ಕೊಡುವುದು ಅಂದರೆ ಇದು.

ತಲೆಯಾಡಿಸುವುದಂತೂ ನಿನಗೆ ಗೊತ್ತೇ ಇದೆ, ಆದರೂ ನಿಮ್ಮ ಆಫೀಸಿಗೆ ಹೊರದೇಶದವರು ಬಂದರೆ ಬಿಡಿಸಿ ಹೇಳು. ಗಾಂಧಿಬಜಾರಿನಲ್ಲಿ ಮಲ್ಲಿಗೆ ಮೊಳಕ್ಕೆ ನೀನು ಕೇಳಿದ ಬೆಲೆಗೆ ಹೂವಿನಾಕೆ ತಲೆಯನ್ನು ಒಂದು ಭುಜದ ಕಡೆ ವಾಲಿಸಿದರೆ 'ಆಯ್ತು ತಗೋ' ಅಂತ. ಎರಡೂ ಕಡೆ ಮೆಲ್ಲಗೆ ತೂಗಿದರೆ ಕೇಳಿಸಿಕೊಳ್ಳುತ್ತಿದ್ದೇನೆ ಅಂತ, ಒಪ್ಪಿದ್ದೇನೆ ಅಂತಲ್ಲ. ಗಲ್ಲ ಎತ್ತಿ ಬಾಯಲ್ಲಿ ಚ್ಚ್ ಅಂದರೆ ಮುಂದಿನ ಬುಟ್ಟಿಗೆ ಹೋಗು. ಭಾವಗಳು ಮುಖದಲ್ಲಿ ಹೇಗೆ ಮೂಡುತ್ತವೆ ಅಂತ ಡಾರ್ವಿನ್ ಲೋಕದ ನಾನಾ ಕಡೆಯವರಿಗೆ ಪ್ರಶ್ನೆ ಬರೆದು ಕಳಿಸಿ 1872ರಲ್ಲಿ ಒಂದು ಪುಸ್ತಕವನ್ನೇ ಬರೆದ. ಹೌದು, ಅಲ್ಲ ಎನ್ನುವ ತಲೆಯ ಸನ್ನೆ ಎಲ್ಲ ಕಡೆ ಒಂದೇ ಅಲ್ಲ ಅಂತ ಅವನೂ ಕಂಡುಕೊಂಡ. ನಮ್ಮ ಭರತಮುನಿಯ ನಾಟ್ಯಶಾಸ್ತ್ರ ಅವನಿಗಿಂತ ಎಷ್ಟೋ ಶತಮಾನ ಮೊದಲೇ ತಲೆಯ ಚಲನೆ 13, ನೋಟ 36 ಅಂತ ವಿಂಗಡಿಸಿತ್ತು. ಮಲ್ಲೇಶ್ವರದ ಭರತನಾಟ್ಯದ ತರಗತಿಗಳಲ್ಲಿ ಪುಟ್ಟ ಮಕ್ಕಳು ಕಣ್ಣು ತಿರುಗಿಸಿ ಅಭ್ಯಾಸ ಮಾಡುವುದು ಆ ಪರಂಪರೆಯದ್ದೇ. ಅಂಗಾಂಗಗಳ ಅಭಿನಯವನ್ನು ಆಂಗಿಕ ಅಂತ ಕರೆದು, ಕಣ್ಣೀರು, ಬೆವರು, ನಡುಕ, ದನಿ ಒಡೆಯುವುದು ಇವನ್ನೆಲ್ಲ ಸಾತ್ತ್ವಿಕ ಅಂತ ಬೇರೆ ಇಟ್ಟರು. ಮನಸ್ಸು ಅದರಲ್ಲಿ ನೆಟ್ಟಿರದಿದ್ದರೆ ಅವು ಬರುವುದಿಲ್ಲ. ಮಾತಿನ ನಡುವೆ ಒಬ್ಬರ ದನಿ ಒಡೆದರೆ, ಆಡುತ್ತಿರುವ ಮಾತೆಲ್ಲ ಬಿಟ್ಟು ಅದನ್ನು ಗಮನಿಸು.

ನೀನು ಹೇಳಿದ ಇನ್ನೊಂದು ಕಷ್ಟ, ನಾಲ್ಕು ಜನ ಮಾತಾಡುವಾಗ ನಡುವೆ ಸೇರಿಕೊಳ್ಳಲು ಆಗುವುದಿಲ್ಲ ಅನ್ನುವುದು. ಅದನ್ನು ಕಲಿಯಲು ಈ ಸಲ ರಾಮನವಮಿಗೆ ಕೋಟೆ ಹೈಸ್ಕೂಲು ಮೈದಾನದ ಸಂಗೀತ ಕಛೇರಿಗೆ ನನ್ನ ಜೊತೆ ಬಾ. ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ಉತ್ಸವ. ಕಣ್ಣು ಮುಚ್ಚಿ ಕೇಳುವವರು ಕೇಳಲಿ, ನೀನು ಕಣ್ಣು ಬಿಟ್ಟುಕೊಂಡು ವೇದಿಕೆ ನೋಡು. ಹಾಡುವವರು ಆಲಾಪನೆಯಲ್ಲಿ ಒಂದು ಘಟ್ಟ ಮುಟ್ಟಿ, ಚಾಚಿದ್ದ ಕೈ ಇಳಿಸಿ, ಮುಖವನ್ನು ಅರ್ಧ ಪಿಟೀಲಿನ ಕಡೆ ಹೊರಳಿಸುತ್ತಾರೆ. ಕಮಾನು ಆಗಲೇ ತಂತಿಯ ಮೇಲಿರುತ್ತದೆ. ಕಲ್ಪನಾಸ್ವರದ ಹೊತ್ತಿಗೆ ಮೃದಂಗದವರ ಕಣ್ಣು ಹಾಡುವವರ ತಾಳದ ಕೈ ಬಿಟ್ಟು ಕದಲುವುದಿಲ್ಲ. ತಾಳವಾದ್ಯದವರಿಗೆ ತನಿ ಆವರ್ತನ ಬಿಟ್ಟುಕೊಡುವಾಗ ಒಂದು ನೋಟ, ಅಂಗೈಯ ಒಂದು ಸನ್ನೆ, ಅಷ್ಟೇ. ಘಟದವರು ಮೃದಂಗದವರ ಹುಬ್ಬು ನೋಡಿಕೊಂಡು ತಮ್ಮ ಸರದಿ ಹಿಡಿಯುತ್ತಾರೆ. ಹಿಂದೆ ಒಟ್ಟಿಗೆ ಕೂತು ತಾಲೀಮು ಮಾಡದವರೂ ಹೀಗೆ ಗಂಟೆಗಟ್ಟಲೆ ಕೂಡಿ ನಡೆಸುತ್ತಾರೆ. (ಅದೇ ತನಿ ಶುರುವಾದ ಕೂಡಲೇ ಸಭೆಯಲ್ಲಿ ಕೆಲವರು ಚಪ್ಪಲಿ ಹುಡುಕುತ್ತಾ ಏಳುತ್ತಾರಲ್ಲ, ಹಾಗೆ ಮಾತ್ರ ಮಾಡಬೇಡ. ಬೆನ್ನು ತೋರಿಸಿ ಹೋಗುವವರೆಲ್ಲ ನುಡಿಸುವವರಿಗೆ ಕಾಣುತ್ತಾರೆ.)

ಮಾತಿನಲ್ಲಿಯೂ ಸರದಿ ಕೈ ಬದಲಾಗುವುದು ಹೀಗೆಯೇ. ಆಡಮ್ ಕೆಂಡನ್ ಎಂಬ ವಿದ್ವಾಂಸ ಜನ ಮಾತಾಡುವುದನ್ನು ಚಿತ್ರೀಕರಿಸಿ 1967ರಲ್ಲಿ ಬರೆದದ್ದು ನಾವು ಎಲ್ಲ ಕಡೆ ಕಾಣುವಂಥದ್ದೇ. ಉದ್ದದ ಮಾತು ಶುರು ಮಾಡುವಾಗ ಜನ ಕಣ್ಣು ಬೇರೆ ಕಡೆ ಹಾಯಿಸುತ್ತಾರೆ, ಮುಗಿಸುವ ಹೊತ್ತಿಗೆ ಅದನ್ನು ಕೇಳುವವರ ಮುಖಕ್ಕೆ ತರುತ್ತಾರೆ. ನೀನು ಎಲ್ಲರೂ ಸುಮ್ಮನಾಗಲಿ ಅಂತ ಕಾಯುತ್ತೀಯ. ನಮ್ಮ ಮನೆಗಳಲ್ಲಿ ಎಲ್ಲರೂ ಸುಮ್ಮನಾಗುವ ಗಳಿಗೆ ಬರುವುದೇ ಇಲ್ಲ. ಆ ಕಣ್ಣು ಹಿಂದಿರುಗಿ ಬಂದಾಗ ಸ್ವಲ್ಪ ಮುಂದೆ ಬಾಗಿ, ಉಸಿರು ತೆಗೆದುಕೊಂಡು ಶುರು ಮಾಡು. ಮುಗಿಸುವಾಗ ನಿನ್ನ ಕಣ್ಣನ್ನು, ಆಗಿನಿಂದ ಒಂದು ಮಾತೂ ಆಡದವರ ಮೇಲೆ ನಿಲ್ಲಿಸು. ಸರದಿ ಅವರಿಗೆ ಹೋಗುತ್ತದೆ.

ಕಣ್ಣಿನ ವಿಷಯ ಬಂತು. ನಮ್ಮ ಮನೆಗಳಲ್ಲಿ ದೊಡ್ಡವರು ಗದರುವಾಗ ಕಣ್ಣಿಟ್ಟು ನೋಡಿದರೆ 'ಕಣ್ಣು ಬಿಡ್ತೀಯಾ?' ಅಂತ ಇನ್ನೊಂದು ಸಲ ಬೈಸಿಕೊಳ್ಳಬೇಕಿತ್ತು. ಅದೇ ಮಕ್ಕಳು ದೊಡ್ಡವರಾಗಿ ಸಂದರ್ಶನಕ್ಕೆ ಹೋಗಿ ನೆಲ ನೋಡಿದರೆ ಆತ್ಮವಿಶ್ವಾಸ ಇಲ್ಲ ಅನ್ನಿಸಿಕೊಳ್ಳುತ್ತಾರೆ. ನೀನು ಎರಡೂ ಕಲಿ. ಸಂದರ್ಶನದಲ್ಲಿ ಪ್ರಶ್ನೆ ಕೇಳುವವರ ಮುಖವನ್ನು ನೋಡಿ ಪ್ರಶ್ನೆ ಕೇಳಿಸಿಕೋ, ಯೋಚಿಸುವಾಗ ಕಣ್ಣು ಬೇರೆ ಕಡೆ ಹೋದರೆ ಹೋಗಲಿ, ಉತ್ತರದ ಕೊನೆಗೆ ವಾಪಸು ಬಾ. ನಾಳೆ ನೀನೇ ಸಂದರ್ಶನ ಮಾಡುವ ಜಾಗದಲ್ಲಿ ಕೂತಾಗ, ಹಳ್ಳಿಯಿಂದ ಬಂದ ಹುಡುಗ ಕಣ್ಣು ತಗ್ಗಿಸಿದರೆ ಅದು ಅವನ ಮನೆಯ ಸಂಸ್ಕಾರ ಅಂತ ತಿಳಿದುಕೋ. ಆಟಿಸಂ ಇರುವ ಎಷ್ಟೋ ಮಂದಿಗೆ ಕಣ್ಣಿಗೆ ಕಣ್ಣು ಕೊಡುವುದೇ ಯಾತನೆ. ಅವರು ಬೇರೆ ಕಡೆ ನೋಡುತ್ತಲೇ ನಿನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಿರುತ್ತಾರೆ.

ಲಾಲ್‌ಬಾಗಿನಲ್ಲಿ, ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ ನಡೆಯಲು ಬರುವ ವಯಸ್ಸಾದವರನ್ನು ನೀನು ನೋಡುತ್ತೀಯ. ನೀನು ನಕ್ಕರೂ ಒಬ್ಬರ ಮುಖ ಅಲ್ಲಾಡುವುದಿಲ್ಲ. ಜಂಬ ಅಂದುಕೊಳ್ಳಬೇಡ. ಪಾರ್ಕಿನ್ಸನ್ ಕಾಯಿಲೆ ಮುಖದ ಸ್ನಾಯುಗಳನ್ನು ಬಿಗಿ ಮಾಡುತ್ತದೆ, ರೆಪ್ಪೆ ಬಡಿಯುವುದು ಕೂಡ ಕಡಿಮೆಯಾಗುತ್ತದೆ. ಒಳಗೆ ಅವರು ನಗುತ್ತಿರುತ್ತಾರೆ, ಮುಖಕ್ಕೆ ಅದನ್ನು ತರಲಾಗುವುದಿಲ್ಲ. ಸ್ವಲ್ಪ ನಿಂತು ಮಾತಾಡಿಸು. ಇನ್ನು ಕೆಲವರು ನೀನು ಹೇಳಿದ್ದಕ್ಕೆಲ್ಲ ನಗುತ್ತಾ ಹೂಂ ಹೂಂ ಅಂತ ತಲೆಯಾಡಿಸುತ್ತಾರೆ, ನಿನ್ನ ಕಣ್ಣು ಬಿಟ್ಟು ತುಟಿಯನ್ನೇ ನೋಡುತ್ತಿರುತ್ತಾರೆ, ಕೇಳಿದ ಪ್ರಶ್ನೆಗೂ ನಗುವೇ ಉತ್ತರ. ಅವರಿಗೆ ಕಿವಿ ಮಂದವಾಗಿರಬಹುದು, ಹೇಳಿಕೊಳ್ಳಲು ಸಂಕೋಚವಿರಬಹುದು. ಕಿರುಚಬೇಡ. ಬೆಳಕು ನಿನ್ನ ಮುಖದ ಮೇಲೆ ಬೀಳುವ ಹಾಗೆ ಎದುರಿಗೆ ಬಂದು ನಿಂತು, ನಿಧಾನವಾಗಿ ಮಾತಾಡು. ಅವರಿಗೂ ನಿನಗೂ ಬಿಟ್ಟು ಮೂರನೆಯವರಿಗೆ ಗೊತ್ತಾಗುವುದು ಬೇಡ.

ಎಷ್ಟು ದೂರದಲ್ಲಿ ನಿಲ್ಲಬೇಕು ಅಂತ ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞ 1966ರ ಪುಸ್ತಕದಲ್ಲಿ ಅಳತೆ ಕೊಟ್ಟ. ಆಪ್ತರಿಗೆ ಒಂದೂವರೆ ಅಡಿಯೊಳಗೆ, ಗೆಳೆಯರಿಗೆ 4 ಅಡಿಯವರೆಗೆ, ಮಿಕ್ಕವರಿಗೆ ಅದರಾಚೆ. ಅವನೇ ಹೇಳಿರುವ ಹಾಗೆ ಅದು ಅಮೆರಿಕದ ಒಂದು ವರ್ಗದ ಜನರ ಅಳತೆ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆಯಲ್ಲಿ, ಅಥವಾ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನ ಮುಂದೆ ತಟ್ಟೆ ಹಿಡಿದು ನಿಂತಾಗ, ಮೊಳಕೈಗೆ ಮೊಳಕೈ ತಾಗುತ್ತದೆ, ಯಾರೂ ಬೇಸರಿಸುವುದಿಲ್ಲ. ವಿದ್ಯಾರ್ಥಿ ಭವನದಲ್ಲಿ ಗುರುತಿಲ್ಲದವರ ಮೇಜಿನಲ್ಲೇ ಕೂರುತ್ತೇವೆ. ಕುರ್ಚಿಯ ಮೇಲೆ ಕೈಯಿಟ್ಟು ಹುಬ್ಬು ಎತ್ತಿದರೆ ಅವರು ತಟ್ಟೆ ಸ್ವಲ್ಪ ಸರಿಸುತ್ತಾರೆ, ಆಯಿತು. ಆದರೆ ಜಾಗ ಖಾಲಿ ಇದ್ದೂ ಒಬ್ಬರು ಹತ್ತಿರ ಬಂದರೆ ಅದು ಬೇರೆ ಮಾತು. ನೀನು ಒಂದು ಹೆಜ್ಜೆ ಹಿಂದೆ ಸರಿದಾಗ ಆ ಹೆಜ್ಜೆಯನ್ನು ತುಂಬಲು ಮುಂದೆ ಬರುವವರನ್ನು ನಂಬಬೇಡ. ಬ್ಯಾಗು ಎದೆಗೆ ಅಡ್ಡ ಹಿಡಿಯುವುದರಲ್ಲೇ ನಿಲ್ಲಬೇಡ, ಬಾಯಿಬಿಟ್ಟು ಜೋರಾಗಿ ಹೇಳು. ಅಲ್ಲಿ ಸೂಚನೆ ಸಾಲದು. ಹಾಗೆಯೇ ನೀನು ಹತ್ತಿರ ಹೋದಾಗ ಎದುರಿನವರ ಪಾದ ಹಿಂದಕ್ಕೆ ಹೋಯಿತೇ ಅಂತ ನೋಡು. ಹೋದರೆ ಅಲ್ಲೇ ನಿಲ್ಲು. ಕೈಕುಲುಕುವುದಕ್ಕೆ ನೀನಾಗಿ ಮುಂದಾಗಬೇಡ, ಒಂದು ಕ್ಷಣ ತಡೆ. ಚಾಮರಾಜಪೇಟೆಯ ನಮ್ಮ ಬೀದಿಯ ಎಷ್ಟೋ ಮುಸ್ಲಿಂ ಹಿರಿಯರು ಹೆಂಗಸರ ಕೈ ಕುಲುಕದೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸುತ್ತಿದ್ದರು. ಅದರಲ್ಲಿದ್ದ ಗೌರವ ಯಾವ ಕೈಕುಲುಕಿಗೂ ಕಡಿಮೆಯದಲ್ಲ.

ಯಾರ ಮನೆಗಾದರೂ ಹೋದಾಗ ಯಾವಾಗ ಏಳಬೇಕು ಅಂತ ಗೊತ್ತಾಗುವುದಿಲ್ಲ ಅಂದೆಯಲ್ಲ. ಮನೆಯಾಕೆ ಕುರ್ಚಿಯ ಅಂಚಿಗೆ ಬಂದು ಕೂತಿದ್ದರೆ, ಅಡುಗೆಮನೆಯ ಕಡೆ ಎರಡು ಸಲ ಕಣ್ಣು ಹೋದರೆ, ಮಾತು ಮುಗಿದ ಕಡೆಯೆಲ್ಲ 'ಮತ್ತೆ?' ಅಂತ ಬರುತ್ತಿದ್ದರೆ ಹೊರಡುವ ಹೊತ್ತಾಯಿತು. ಕುಂಕುಮದ ಬಟ್ಟಲು ತರುತ್ತಾರೆ. ತಂದು ಕೊಟ್ಟು ನಿಂತೇ ಇದ್ದರೆ ನೀನೂ ನಿಲ್ಲು. ಕೊಟ್ಟು ಮತ್ತೆ ಬಂದು ಪಕ್ಕದಲ್ಲಿ ಕೂತರೆ, ಹೇಳಿಕೊಳ್ಳುವುದು ಇನ್ನೂ ಏನೋ ಇದೆ. ಒಂಟಿಯಾಗಿರುವ ಹೆಂಗಸರು ಬಾಗಿಲ ತನಕ ಬಂದು, ಗೇಟಿನ ತನಕ ಬಂದು, ಗೇಟಿನ ಚಿಲಕ ಹಿಡಿದುಕೊಂಡು ಹೊಸದಾಗಿ ಮಾತು ಶುರು ಮಾಡುತ್ತಾರೆ. ಮೊಬೈಲು ತೆಗೆದು ಹೊತ್ತು ನೋಡಬೇಡ. ಒಳಗೆ ಹೇಳಲಾಗದ್ದನ್ನು ಅವರು ಹೇಳುವುದು ಅಲ್ಲಿಯೇ.

ಸಾವಾದ ಮನೆಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಕುಂಕುಮ ಕೊಡುವುದಿಲ್ಲ, ಹೋಗಿ ಬರುತ್ತೇನೆ ಅಂತ ಹೇಳುವ ಪದ್ಧತಿಯೂ ಇಲ್ಲ. ಏನು ಮಾತಾಡಲಿ ಅನ್ನುವ ಭಯದಿಂದಲೇ ನಿನ್ನ ವಯಸ್ಸಿನವರು ಹೋಗುವುದನ್ನು ತಪ್ಪಿಸುತ್ತಾರೆ. ಹೋಗು. ಅವರು ನೆಲದ ಮೇಲೆ ಕೂತಿದ್ದರೆ ನೀನೂ ನೆಲದ ಮೇಲೆ ಕೂರು. ಮೊಬೈಲು ಬ್ಯಾಗಿನೊಳಗೆ ಇರಲಿ. ಅವರು ಕೈ ಚಾಚಿದರೆ ಹಿಡಿದುಕೋ, ಅವರು ಬಿಡುವ ತನಕ ಬಿಡಬೇಡ. ಚಾಚದಿದ್ದರೆ ಸುಮ್ಮನೆ ಪಕ್ಕದಲ್ಲಿರು. ಅವರು ಸತ್ತವರ ವಿಷಯ ತೆಗೆದರೆ ಮಾತು ಬದಲಾಯಿಸಬೇಡ, ಕೇಳಿಸಿಕೋ. ಒಂದು ಗಂಟೆ ಹಾಗೆ ಕೂತು, ಮೆಲ್ಲಗೆ ಎದ್ದು ಬಾ.

ಇನ್ನು ನಿನ್ನ ಆಫೀಸು. ಮುಂದಿನ ಸಭೆಯಲ್ಲಿ ನಿನ್ನನ್ನು ಯಾರು ಹೇಗೆ ನೋಡುತ್ತಿದ್ದಾರೆ ಅನ್ನುವುದನ್ನು ಬಿಟ್ಟು, ಮೇಜಿನ ಸುತ್ತ ಒಮ್ಮೆ ಕಣ್ಣಾಡಿಸು. ನಿನ್ನ ಹಾಗೆಯೇ ಹೊಸದಾಗಿ ಸೇರಿದ ಒಬ್ಬರಾದರೂ ಇರುತ್ತಾರೆ. ಮಾತಾಡಲೆಂದು ಉಸಿರು ಎಳೆದುಕೊಂಡು, ಪೆನ್ನು ಹಿಡಿದ ಕೈ ಅರ್ಧ ಎತ್ತಿ, ಅಷ್ಟರಲ್ಲಿ ಇನ್ಯಾರೋ ಜೋರಾಗಿ ಶುರು ಮಾಡಿದ್ದರಿಂದ ಮತ್ತೆ ಹಿಂದಕ್ಕೆ ಒರಗಿದವರು. ಆ ಜೋರು ಮಾತು ಮುಗಿದ ಕೂಡಲೇ ಅವರ ಕಡೆ ತಿರುಗಿ, 'ನೀವೇನೋ ಹೇಳೋಕೆ ಹೊರಟಿದ್ರಲ್ಲ, ಹೇಳಿ' ಅನ್ನು.